‘ಓದ್ತಿಲ್ಲ’ ಅಂದರೆ ಸಾಲದು: ಸ್ಕ್ರೀನ್ ರೀಡರ್ ತೊಂದರೆಯ ಮೂಲ ಹುಡುಕುವ ಬಗೆ

ರಾಯಚೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮೂರು ವರ್ಷದ ಹಿಂದೆ ಒಬ್ಬ ಅಕ್ಕ ಪೆನ್ ಡ್ರೈವ್ ಹಿಡಿದು ಬಂದರು. ಅವರಿಗೆ ಕಣ್ಣು ಕಾಣುವುದಿಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅನ್ನೋ ಸಾಫ್ಟ್‌ವೇರ್ ಇಟ್ಟುಕೊಂಡು ಕಂಪ್ಯೂಟರ್ ಬಳಸುತ್ತಾರೆ. ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದರು, ನೋಟ್ಸ್ ಟೈಪ್ ಮಾಡಿಸಿದ್ದು ನಮ್ಮಲ್ಲೇ. ‘ತಮ್ಮಾ, ನೀ ಮಾಡಿಕೊಟ್ಟ ಫೈಲ್‌ನ್ಯಾಗ ಬರೇ ಪೌಂಡ್ ಪೌಂಡ್ ಅಂತ ಬರ್ತೈತಿ, ಕನ್ನಡಾನೇ ಇಲ್ಲ’ ಅಂದರು. ನಾನು ಸ್ಕ್ರೀನ್ ನೋಡಿದೆ. ಕನ್ನಡ ಚೆನ್ನಾಗೇ ಕಾಣುತ್ತಿತ್ತು. ‘ಸರಿ ಐತಲ್ಲಕ್ಕಾ, ನಿಮ್ಮ ಕಂಪ್ಯೂಟರ್‌ದೇ ಏನೋ ಇರಬೇಕು’ ಅಂತ ಹೇಳಿ ಕಳಿಸಿಬಿಟ್ಟೆ. ತಪ್ಪು ನಮ್ಮ ಫೈಲಿನಲ್ಲೇ ಇತ್ತು ಅಂತ ನನಗೆ ತಿಳಿಯುವ ಹೊತ್ತಿಗೆ ಅವರ ಪರೀಕ್ಷೆ ಮುಗಿದಿತ್ತು.

ಈಗ ರಾಯಚೂರು, ಸಿಂಧನೂರು, ಕೊಪ್ಪಳ, ಬಳ್ಳಾರಿ ಕಡೆಯ ನಾವು ಕೆಲವರು ಸೇರಿ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಸಾಫ್ಟ್‌ವೇರ್‌ಗಳಿಗೆ ಬರುವ ಇಂಥ ದೂರುಗಳನ್ನು ವಿಂಗಡಿಸುತ್ತೇವೆ. ಆ ಅಕ್ಕನೂ ನಮ್ಮ ಜೊತೆ ಇದ್ದಾರೆ. ಕೋಡ್ ಬರೆಯೋದು ನಮಗ್ಯಾರಿಗೂ ಬರುವುದಿಲ್ಲ, ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಬೇಕಾದದ್ದು ಒಂದೇ: ತೊಂದರೆ ಎಲ್ಲಿ ಹುಟ್ಟಿದೆ ಅಂತ ಪತ್ತೆ ಮಾಡಿ, ಸರಿ ಮಾಡಬಲ್ಲವರ ಮುಂದೆ ಅದನ್ನು ಸರಿಯಾಗಿ ಇಡುವುದು. ಹೊಸದಾಗಿ ಸೇರುವವರಿಗೆ ಪ್ರತಿ ಸಲ ಬಾಯಲ್ಲಿ ಹೇಳುತ್ತಿದ್ದೆ, ಈ ಸಲ ಬರೆದೇ ಇಡುತ್ತಿದ್ದೇನೆ.

ಮೊದಲ ಪ್ರಶ್ನೆ: ಏನು ಕೇಳಿಸಿತು?

‘ಓದ್ತಿಲ್ಲ’ ಅನ್ನೋದು ದೂರು ಅಷ್ಟೇ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಮೌನವಾ? ಬೇರೆ ಏನೋ ಶಬ್ದ ಬಂತಾ? ಸುಮ್ನೆ ‘ಬಟನ್’ ಅಂತ ಹೇಳಿ ನಿಂತಿತಾ? ಪದ ಅರ್ಧಕ್ಕೆ ತುಂಡಾಯಿತಾ? ಒಂದೊಂದಕ್ಕೂ ದಾರಿ ಬೇರೆ. ಆ ಅಕ್ಕ ನನಗೆ ‘ಪೌಂಡ್’ ಅನ್ನೋ ಪದವನ್ನೇ ಹೇಳಿದ್ದರು, ಪೂರ್ತಿ ಉತ್ತರ ಆ ಒಂದು ಪದದಲ್ಲೇ ಇತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾಗಿ ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಸಾಧ್ಯವಾದರೆ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಅವರು ಓದಿಸುವ ವೇಗ ನಮ್ಮ ಕಿವಿಗೆ ನಿಲುಕುವುದಿಲ್ಲ. ರೆಕಾರ್ಡ್ ಮಾಡುವಾಗ ಮಾತ್ರ ಸ್ವಲ್ಪ ನಿಧಾನ ಇಡಿ ಅಂದರೆ ಸಾಕು.

ಆಮೇಲೆ ನೀವೂ ಅದನ್ನು ಮಾಡಿ ನೋಡಬೇಕು. ಕಣ್ಣು ಕಾಣುವವರು ಮಾನಿಟರ್ ಸ್ವಿಚ್ ಆಫ್ ಮಾಡಿ, ಮೌಸ್ ತೆಗೆದು ಪಕ್ಕಕ್ಕಿಡಿ. ಲ್ಯಾಪ್‌ಟಾಪ್ ಆದರೆ ಎನ್‌ವಿಡಿಎ ಅನ್ನೋ ವಿಂಡೋಸ್‌ನ ಉಚಿತ ಸ್ಕ್ರೀನ್ ರೀಡರ್‌ನಲ್ಲೇ ‘ಸ್ಕ್ರೀನ್ ಕರ್ಟನ್’ ಇದೆ, ಪರದೆ ಪೂರ್ತಿ ಕಪ್ಪಾಗುತ್ತದೆ. ಸ್ಕ್ರೀನ್ ಕಾಣುತ್ತಿದ್ದರೆ ನಿಮ್ಮ ಕಣ್ಣು ನಿಮಗೆ ಗೊತ್ತಿಲ್ಲದೇ ಸಹಾಯ ಮಾಡುತ್ತದೆ, ಆಮೇಲೆ ‘ನನಗೆ ಸರಿ ಬರ್ತಿದೆ’ ಅಂತ ಬರೆದು ದೂರು ಮುಚ್ಚಿಬಿಡುತ್ತೀರಿ. ನಾನು ಮಾಡಿದ್ದೂ ಇದನ್ನೇ ಅಲ್ವಾ.

ಧ್ವನಿ ಕಿವಿಗೆ ಬರುವ ದಾರಿ

ಒಂದು ಬಟನ್ ಹೆಸರು ಕಿವಿಗೆ ಬರಬೇಕಾದರೆ ಅದು ನಾಲ್ಕೈದು ಕೈ ದಾಟಿ ಬರಬೇಕು. ಆಪ್ ತನ್ನ ಬಟನ್‌ಗೆ ಒಂದು ಹೆಸರು ಕೊಟ್ಟಿರಬೇಕು. ಆಪ್ ಕಟ್ಟಲು ಬಳಸಿದ ಟೂಲ್‌ಕಿಟ್, ಅಂದರೆ ಜಿಟಿಕೆ, ಕ್ಯೂಟಿ ಥರದ್ದು, ಆ ಹೆಸರನ್ನು ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸಬೇಕು. ಅಲ್ಲಿಂದ ಸ್ಕ್ರೀನ್ ರೀಡರ್ ಅದನ್ನು ಎತ್ತಿಕೊಳ್ಳಬೇಕು. ಕೊನೆಗೆ ಇ-ಸ್ಪೀಕ್ ಥರದ ಧ್ವನಿ ಎಂಜಿನ್ ಅದನ್ನು ಮಾತಾಗಿಸಬೇಕು. ಎಲ್ಲಿ ತುಂಡಾದರೂ ಬಳಸುವವರಿಗೆ ಕಾಣುವುದು ಒಂದೇ: ‘ಓದ್ತಿಲ್ಲ’. ಎಲ್ಲರೂ ಬೈಯುವುದು ಮಾತ್ರ ಸ್ಕ್ರೀನ್ ರೀಡರ್‌ಗೆ.

ಪತ್ತೆ ಮಾಡುವ ಬಗೆ ಕಷ್ಟದ್ದಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ತೊಂದರೆ ಉಳಿಯಿತಾ ಹೋಯಿತಾ ನೋಡಿ. ಒಟ್ಟಿಗೆ ಎರಡು ಬದಲಿಸಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಅದಕ್ಕೆ ನಾನು ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಬದಲಿಸಿದ್ದೇನು, ಕೇಳಿಸಿದ್ದೇನು ಅಂತ ಪೆನ್ನಿನಲ್ಲೇ ಬರೆಯುತ್ತೇನೆ. ಬೇಸಿಗೆಯಲ್ಲಿ ಯಾವಾಗ ಕರೆಂಟ್ ಹೋಗುತ್ತದೋ ಹೇಳಲಾಗದು, ಹಾಳೆಯಂತೂ ಉಳಿಯುತ್ತದೆ.

ಐದು ನಿಮಿಷದಲ್ಲಿ ಮುಗಿಯುವವು

ಕೆಲವು ದೂರುಗಳ ಹಿಂದೆ ಬಗ್, ಅಂದರೆ ಸಾಫ್ಟ್‌ವೇರ್‌ನ ದೋಷ, ಇರುವುದೇ ಇಲ್ಲ. ಯಾವುದೋ ಕೀ ಕೈತಪ್ಪಿ ಒತ್ತಿರುತ್ತಾರೆ, ಅಷ್ಟೇ. ಎನ್‌ವಿಡಿಎ ಕೀ ಅಂದರೆ ಸಾಮಾನ್ಯವಾಗಿ ಇನ್ಸರ್ಟ್. ಅದರ ಜೊತೆ ಎಸ್ ಒತ್ತಿದರೆ ಮಾತು ನಿಂತು ಬೀಪ್ ಮಾತ್ರ ಬರಬಹುದು, ಪೂರ್ತಿ ಮೌನವೂ ಆಗಬಹುದು. ಮತ್ತೆ ಒತ್ತುತ್ತಾ ಹೋದರೆ ಮಾತು ವಾಪಸ್ ಬರುತ್ತದೆ. ಒಂದೇ ಆಪ್‌ನಲ್ಲಿ ಮೌನ, ಬೇರೆ ಕಡೆ ಎಲ್ಲ ಸರಿ ಅಂದರೆ, ಆ ಆಪ್‌ನಲ್ಲಿ ಮಾತ್ರ ಎನ್‌ವಿಡಿಎಯನ್ನು ಸುಮ್ಮನಾಗಿಸುವ ಸ್ಲೀಪ್ ಮೋಡ್ ನೋಡಿ. ಡೆಸ್ಕ್‌ಟಾಪ್ ಕೀಬೋರ್ಡ್ ವಿನ್ಯಾಸದಲ್ಲಿ ಅದು ಇನ್ಸರ್ಟ್, ಶಿಫ್ಟ್, ಎಸ್. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತಿಲ್ಲ ಅಂದರೆ ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿ ನೋಡಿ, ಅವರು ಫೋಕಸ್ ಮೋಡ್‌ನಲ್ಲಿ, ಅಂದರೆ ಒತ್ತಿದ ಕೀ ನೇರವಾಗಿ ಪುಟಕ್ಕೇ ಹೋಗುವ ಸ್ಥಿತಿಯಲ್ಲಿ, ಇರುತ್ತಾರೆ. ಪೂರ್ಣವಿರಾಮ, ಆವರಣ ಓದುತ್ತಿಲ್ಲ ಅಂದರೆ ಇನ್ಸರ್ಟ್ ಮತ್ತು ಪಿ.

ಇಷ್ಟರಲ್ಲಿ ಸರಿಹೋಗದಿದ್ದರೆ ಇನ್ಸರ್ಟ್ ಮತ್ತು ಕ್ಯೂ ಒತ್ತಿ, ಆಡ್-ಆನ್‌ಗಳನ್ನೆಲ್ಲ (ಆಮೇಲೆ ಸೇರಿಸಿಕೊಂಡ ಹೆಚ್ಚುವರಿ ಭಾಗಗಳು) ನಿಲ್ಲಿಸಿ ಎನ್‌ವಿಡಿಎ ಮತ್ತೆ ಶುರು ಮಾಡುವ ಆಯ್ಕೆ ಆರಿಸಿ. ತೊಂದರೆ ಮಾಯವಾದರೆ ಅದು ಯಾವುದೋ ಆಡ್-ಆನ್‌ದು. ಲಿಬ್ರೆ ಆಫೀಸ್ ಆದರೆ ಅದರ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್ ಇದೆ, ಫೈರ್‌ಫಾಕ್ಸ್‌ನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ. ಅವುಗಳಲ್ಲೂ ಒಮ್ಮೆ ನೋಡಿ.

ಆವೃತ್ತಿ ಕೇಳೋದು ಮರೆಯಬೇಡಿ. ನಮ್ಮ ಕಡೆ ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿವೆ. ಎನ್‌ವಿಡಿಎ 2024.1ರಿಂದ ಮುಂದೆ ವಿಂಡೋಸ್ 7 ಮತ್ತು 8ರಲ್ಲಿ ಓಡುವುದಿಲ್ಲ. ಅಂಥ ಕಂಪ್ಯೂಟರ್‌ನಲ್ಲಿ 2023ರ ಎನ್‌ವಿಡಿಎಯೇ ಕೊನೆಯದು. ಅದರಲ್ಲಿ ಕಂಡ ದೋಷ ಹೊಸದರಲ್ಲಿ ಆಗಲೇ ಸರಿಯಾಗಿರಬಹುದು. ಹಾಗಂತ ಅವರಿಗೆ ‘ಹೊಸ ಕಂಪ್ಯೂಟರ್ ತಗೊಳ್ಳಿ’ ಅನ್ನಬೇಡಿ. ಹೊಸ ಆವೃತ್ತಿ ಇರುವ ನಮ್ಮಲ್ಲಿ ಯಾರಾದರೂ ಪರೀಕ್ಷೆ ಮಾಡಿ ಹೇಳಬೇಕು.

ಮಾತಿನ ತಪ್ಪಾ, ಬರಹದ ತಪ್ಪಾ?

ಕೆಲಸ ಅರ್ಧಕ್ಕೆ ಇಳಿಯುವುದು ಇಲ್ಲಿ. ಎನ್‌ವಿಡಿಎ ಮೆನು, ಅದರಲ್ಲಿ ಟೂಲ್ಸ್, ಅದರಲ್ಲಿ ಸ್ಪೀಚ್ ವ್ಯೂವರ್. ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಎನ್‌ವಿಡಿಎ ಧ್ವನಿ ಎಂಜಿನ್‌ಗೆ ಏನು ಕೊಡುತ್ತಿದೆಯೋ ಅದು ಅಲ್ಲಿ ಅಕ್ಷರದಲ್ಲಿ ಕಾಣುತ್ತದೆ.

ಕಿಟಕಿಯಲ್ಲಿ ಬರಹ ಸರಿ ಇದ್ದು ಕಿವಿಗೆ ಮಾತ್ರ ತಪ್ಪು ಬಂದರೆ, ಮೇಲಿನ ಆಪ್, ಟೂಲ್‌ಕಿಟ್ ಎಲ್ಲ ಬಿಟ್ಟುಬಿಡಿ, ಸಂಶಯ ಧ್ವನಿ ಎಂಜಿನ್ ಮೇಲೆ (ಕಣ್ಣಿಗೆ ಸರಿ ಕಂಡೂ ಒಳಗೆ ತಪ್ಪಿರುವ ಬರಹದ ಮಾತು ಮುಂದೆ ಬರುತ್ತದೆ). ಎಂಜಿನ್ ಬದಲಿಸಿ ಅದೇ ಸಾಲು ಓದಿಸಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂದರೆ ಖಚಿತ. ಕನ್ನಡ ಪದವನ್ನು ಇ-ಸ್ಪೀಕ್ ತಪ್ಪು ಉಚ್ಚರಿಸಿದರೆ ಆ ದೂರು ಇ-ಸ್ಪೀಕ್‌ನ ಈಗಿನ ರೂಪವಾದ ಇ-ಸ್ಪೀಕ್ ಎನ್‌ಜಿಗೆ ಹೋಗಬೇಕು, ಎನ್‌ವಿಡಿಎಗೆ ಅಲ್ಲ. ಅದರಲ್ಲಿ ಕನ್ನಡದ ಉಚ್ಚಾರ ನಿಯಮಗಳಿಗೇ ಒಂದು ಫೈಲ್, ಹೊರತಾದ ಪದಗಳಿಗೆ ಒಂದು ಪಟ್ಟಿ ಇದೆ. ಕನ್ನಡ ಬಲ್ಲವರು ಪದ, ಸರಿಯಾದ ಉಚ್ಚಾರ, ಈಗ ಬರುತ್ತಿರುವ ಉಚ್ಚಾರ ಮೂರನ್ನೂ ಬರೆದು ಕೊಡದಿದ್ದರೆ ಬೇರೆ ಯಾರಿಂದಲೂ ಅದು ಸರಿಯಾಗುವುದಿಲ್ಲ, ಯಾಕಂದರೆ ಬೇರೆಯವರಿಗೆ ಅದು ತಪ್ಪು ಅಂತ ಕೇಳಿಸುವುದೇ ಇಲ್ಲ.

ಅದಕ್ಕೂ ಮುಂಚೆ ಅವರ ಎನ್‌ವಿಡಿಎಯ ಸ್ಪೀಚ್ ಡಿಕ್ಷನರಿ ನೋಡಿ. ಯಾವತ್ತೋ ಒಂದು ಪದ ಸರಿ ಮಾಡಲು ಹೋಗಿ ಹಾಕಿದ ಬದಲಿ ಇನ್ನೊಂದು ಪದವನ್ನು ಕೆಡಿಸಿರುತ್ತದೆ.

ಕಿಟಕಿಯಲ್ಲೇ ಬರಹ ತಪ್ಪಿದ್ದರೆ, ಅಥವಾ ಏನೂ ಬರದಿದ್ದರೆ, ಎಂಜಿನ್ ನಿರ್ದೋಷಿ. ಮೇಲಕ್ಕೆ, ಅಂದರೆ ಫೈಲ್, ಆಪ್, ಟೂಲ್‌ಕಿಟ್ ಕಡೆಗೆ ಹೋಗಿ.

ಕಣ್ಣಿಗೆ ಸರಿ, ಕಿವಿಗೆ ತಪ್ಪು

ಇಂಥ ದೋಷ ನಮ್ಮ ಕಡೆ ಜಾಸ್ತಿ. ಹೊರಗಿನ ಡೆವಲಪರ್‌ಗಳಿಗೆ ಇದರ ಅಂದಾಜೇ ಇರುವುದಿಲ್ಲ, ಹಾಗಾಗಿ ಇದನ್ನು ನಾವೇ ಹಿಡಿಯಬೇಕು.

ಮೊದಲು ಪೌಂಡ್ ಕಥೆ. ಹಳೇ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸುತ್ತದೆ ಅಷ್ಟೇ. ‘ನ’ ಅಕ್ಷರದ ಆಕಾರ ಕುಳಿತಿರುವುದು ಪೌಂಡ್ ಚಿಹ್ನೆಯ ಜಾಗದಲ್ಲಿ. ಸ್ಕ್ರೀನ್ ರೀಡರ್‌ಗೆ ಆಕಾರ ಕಾಣುವುದಿಲ್ಲ, ಒಳಗಿರುವುದು ಮಾತ್ರ ಕಾಣುತ್ತದೆ. ಅದಕ್ಕೇ ‘ನ’ ಬಂದ ಕಡೆಯೆಲ್ಲ ಅಕ್ಕನಿಗೆ ಪೌಂಡ್ ಕೇಳಿಸಿತು. ಕನ್ನಡ ಫೈಲಿನಲ್ಲಿ ಪೌಂಡ್ ಕೇಳಿಸಿದರೆ ಬೇರೆ ಏನೂ ಯೋಚಿಸಬೇಡಿ, ಮೊದಲು ಇದನ್ನೇ ನೋಡಿ. ಎರಡು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದೇ. ಫೈಲನ್ನು ಯೂನಿಕೋಡ್‌ಗೆ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಬಗೆಗೆ, ಬದಲಿಸಿಕೊಡಿ. ಯಾವ ಸಾಫ್ಟ್‌ವೇರ್‌ಗೂ ಬಗ್ ಬರೆಯುವ ಅಗತ್ಯ ಇಲ್ಲ. ಪಿಡಿಎಫ್‌ಗೂ ಇದೇ ನೋಟ್‌ಪ್ಯಾಡ್ ಪರೀಕ್ಷೆ ನಡೆಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ಕೆಟ್ಟು ಬಂದದ್ದು ಕಿವಿಗೂ ಕೆಟ್ಟೇ ಬರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಯೂನಿಕೋಡ್‌ಗೆ ಬಂದ ಮೇಲೂ ಆ ಅಕ್ಕ ಒಂದು ದಿನ ಫೋನ್ ಮಾಡಿ, ‘ತಮ್ಮಾ, ಸ ಸೊನ್ನಿ ವಿಧಾನ ಅಂದ್ರ ಏನೋ?’ ಅಂತ ಕೇಳಿದರು. ಪದ ಸಂವಿಧಾನ. ನಾನು ಹತ್ತು ಸಲ ನೋಡಿದೆ, ಸ್ಪೀಚ್ ವ್ಯೂವರ್‌ನಲ್ಲೂ ನೋಡಿದೆ, ಏನೂ ತಪ್ಪು ಕಾಣಲಿಲ್ಲ. ಇಲ್ಲಿ ಎರಡು ಸಲ ಬರೆಯುತ್ತೇನೆ, ನೋಡಿ: ಸಂವಿಧಾನ, ಸ೦ವಿಧಾನ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಟೈಪ್ ಮಾಡಿದವರು ದುಂಡಗೆ ಕಾಣುತ್ತದೆ ಅಂತ ಸೊನ್ನೆಯ ಕೀ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಕಿವಿಗೆ ಬೇರೆ, ಕಂಪ್ಯೂಟರ್‌ಗೂ ಬೇರೆ. ಫೈಲಿನಲ್ಲಿ ‘ಸಂವಿಧಾನ’ ಅಂತ ಹುಡುಕಿದರೆ ಎರಡನೆಯದು ಸಿಗುವುದೇ ಇಲ್ಲ.

ಇದನ್ನು ಹಿಡಿಯಲು ಎನ್‌ವಿಡಿಎಯಲ್ಲೇ ಒಂದು ಉಪಾಯ ಇದೆ. ನಮ್ ಲಾಕ್ ಆಫ್ ಮಾಡಿ, ಸಂಶಯ ಇರುವ ಅಕ್ಷರದ ಮೇಲೆ ಹೋಗಿ, ನಂಬರ್ ಪ್ಯಾಡಿನ 2 ಅನ್ನು ಬೇಗ ಬೇಗ ಮೂರು ಸಲ ಒತ್ತಿ. ಆ ಅಕ್ಷರದ ಸಂಖ್ಯೆ ಹೇಳುತ್ತದೆ. ಅನುಸ್ವಾರಕ್ಕೆ 3202. ಸೊನ್ನೆಗೆ 3302. ಸರಿಯಾಗಿ ನೂರರ ವ್ಯತ್ಯಾಸ, ನೆನಪಿಡಲು ಸುಲಭ. ಕನ್ನಡ ಅಕ್ಷರ ಯಾವುದೇ ಆಗಲಿ 3200ರಿಂದ 3327ರ ಒಳಗೇ ಇರುತ್ತದೆ. ಹಳೇ ನುಡಿ ಫೈಲಾದರೆ ಹೆಚ್ಚಿನವು 255ರ ಒಳಗೆ ಬರುತ್ತವೆ, ಅಲ್ಲೇ ಗೊತ್ತಾಗಿಬಿಡುತ್ತದೆ. ಸರಿ ಮಾಡುವಾಗ ಒಂದು ಎಚ್ಚರಿಕೆ: ‘ಎಲ್ಲವನ್ನೂ ಬದಲಿಸು’ ಅಂತ ಕೊಟ್ಟರೆ ೨೦೨೪ರಂಥ ನಿಜವಾದ ಇಸವಿಗಳ ಸೊನ್ನೆಯೂ ಅನುಸ್ವಾರ ಆಗಿಹೋಗುತ್ತದೆ. ಒಂದೊಂದೇ ನೋಡಿ ಬದಲಿಸಿ.

ಮೂರನೆಯದು ಕಾಣದ ಅಕ್ಷರಗಳು. ‘ಸಾಫ್ಟ್‌ವೇರ್’ ಅನ್ನುವಲ್ಲಿ ಒತ್ತಕ್ಷರ ಕೂಡದಂತೆ ನಡುವೆ ಒಂದು ಕಾಣದ ಅಕ್ಷರ ಇದೆ, ಸಂಖ್ಯೆ 8204. ‘ರ್‍ಯಾಂಕ್’ ಅನ್ನುವಲ್ಲಿ ಇನ್ನೊಂದು, 8205. ಕೆಲವು ಎಂಜಿನ್‌ಗಳು ಇಲ್ಲಿ ಪದವನ್ನು ಎರಡು ತುಂಡು ಮಾಡುತ್ತವೆ. ಇದು ಬರೆದವರ ತಪ್ಪಲ್ಲ, ಕನ್ನಡಕ್ಕೆ ಆ ಅಕ್ಷರ ಬೇಕೇ ಬೇಕು. ಇದನ್ನು ಬಗ್ ಅಂತಲೇ ಬರೆಯಿರಿ, ಆ ಅಕ್ಷರದ ಸಂಖ್ಯೆ ಸಮೇತ.

ಬರೇ ‘ಬಟನ್’ ಅಂದಾಗ

ಈಗ ಆಪ್ ಕಡೆ. ಟ್ಯಾಬ್ ಒತ್ತುತ್ತಾ ಹೋದರೆ ‘ಬಟನ್, ಬಟನ್, ಬಟನ್’. ಯಾವುದು ಉಳಿಸುವುದು, ಯಾವುದು ಅಳಿಸುವುದು ಗೊತ್ತಿಲ್ಲ. ನೋಟ್ಸ್ ಬರೆಯುವ ಒಂದು ಆಪ್‌ನಲ್ಲಿ ನಮ್ಮ ಸಿಂಧನೂರಿನ ಹುಡುಗ ಹೀಗೇ ಅಂದಾಜಿನ ಮೇಲೆ ಒತ್ತಿ ಒಂದು ತಿಂಗಳ ನೋಟ್ಸ್ ಕಳೆದುಕೊಂಡ.

ಆ ಬಟನ್ ಮೇಲೆ ನಿಂತು ಇನ್ಸರ್ಟ್ ಮತ್ತು ಎಫ್1 ಒತ್ತಿ. ಲಾಗ್, ಅಂದರೆ ಎನ್‌ವಿಡಿಎ ಬರೆದಿಡುವ ದಾಖಲೆ, ತೆರೆದುಕೊಂಡು ಅಲ್ಲಿ ಆ ಬಟನ್‌ನ ಜಾತಕವೇ ಸಿಗುತ್ತದೆ. ನೋಡಬೇಕಾದದ್ದು ‘ನೇಮ್’ ಮತ್ತು ‘ರೋಲ್’ ಸಾಲು. ರೋಲ್‌ನಲ್ಲಿ ಬಟನ್ ಅಂತ ಇದ್ದು ನೇಮ್‌ನಲ್ಲಿ ಏನೂ ಇಲ್ಲ ಅಂದರೆ, ಆಪ್ ಹೆಸರನ್ನೇ ಕೊಟ್ಟಿಲ್ಲ. ಸಾಮಾನ್ಯವಾಗಿ ಚಿತ್ರ ಮಾತ್ರ ಇಟ್ಟು ಹೆಸರು ಬರೆಯದೇ ಬಿಟ್ಟಿರುತ್ತಾರೆ. ನೇಮ್‌ನಲ್ಲಿ ಹೆಸರು ಇದ್ದೂ ಮಾತು ಬರುತ್ತಿಲ್ಲ ಅಂದರೆ ಎನ್‌ವಿಡಿಎ ಕಡೆ ನೋಡಬೇಕು.

ಇನ್ನೊಂದು ಸಾಕ್ಷಿಯೂ ಇರಲಿ. ವಿಂಡೋಸ್ ಜೊತೆಗೇ ಬರುವ ನರೇಟರ್ ಶುರು ಮಾಡಿ: ವಿಂಡೋಸ್ ಕೀ, ಕಂಟ್ರೋಲ್, ಎಂಟರ್. ಎರಡು ಸ್ಕ್ರೀನ್ ರೀಡರ್‌ಗಳೂ ಒಂದೇ ಥರ ತಡವರಿಸಿದರೆ ತೊಂದರೆ ಆಪ್‌ನದ್ದೇ ಇರುವ ಸಾಧ್ಯತೆ ಜಾಸ್ತಿ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಆಕ್ಸರ್ಸೈಸರ್ ಇದೆ, ಪ್ರತಿ ಬಟನ್‌ನ ಹೆಸರು, ಪಾತ್ರ ಬಿಡಿಸಿ ತೋರಿಸುತ್ತದೆ. ಲಿನಕ್ಸ್‌ನ ಸ್ಕ್ರೀನ್ ರೀಡರ್ ಓರ್ಕಾ ಪೂರ್ತಿ ಮೌನವಾದರೆ ಮೊದಲು ಟರ್ಮಿನಲ್‌ನಲ್ಲಿ ಎಸ್‌ಪಿಡಿ-ಸೇ (spd-say) ಅನ್ನೋ ಆಜ್ಞೆ ಕೊಟ್ಟು ಒಂದು ಪದ ಮಾತಾಡಿಸಿ. ಅದೂ ಮಾತಾಡದಿದ್ದರೆ ಓರ್ಕಾದ್ದು ತಪ್ಪಲ್ಲ, ಅದರ ಕೆಳಗೆ ಮಾತನ್ನು ಎಂಜಿನ್‌ಗೆ ದಾಟಿಸುವ ಸ್ಪೀಚ್ ಡಿಸ್ಪ್ಯಾಚರ್ ಅಥವಾ ಆಡಿಯೊದ್ದು. ವೆಬ್ ಪುಟವಾದರೆ ಫೈರ್‌ಫಾಕ್ಸ್‌ನ ಡೆವಲಪರ್ ಟೂಲ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅನ್ನೋ ಭಾಗವೇ ಇದೆ.

ವರದಿಯಲ್ಲಿ ಡಬ್ಲ್ಯೂಸಿಎಜಿಯ (ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮ ಹೆಸರಿಸಿದರೆ ಮಾತಿಗೆ ತೂಕ ಬರುತ್ತದೆ. ಹೆಸರಿಲ್ಲದ ಬಟನ್‌ಗೆ 4.1.2. ಟ್ಯಾಬ್ ಒತ್ತಿ ಒಳಗೆ ಹೋದರೆ ಹೊರಗೆ ಬರಲು ಆಗದೇ ಸಿಕ್ಕಿಹಾಕಿಕೊಳ್ಳುವುದಕ್ಕೆ 2.1.2. ಎರಡೂ ಎ ಹಂತದವು, ಅಂದರೆ ಕನಿಷ್ಠ ಇರಲೇಬೇಕಾದವು.

ನಿನ್ನೆ ಸರಿ ಇತ್ತು, ಇವತ್ತು ಇಲ್ಲ

ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಅದು ಒಳ್ಳೇ ಸುಳಿವು. ಯಾವ ಆವೃತ್ತಿಯವರೆಗೆ ಸರಿ ಇತ್ತು ಅಂತ ಹೇಳಿದರೆ ಡೆವಲಪರ್ ಹುಡುಕುವ ಜಾಗ ತುಂಬಾ ಸಣ್ಣದಾಗುತ್ತದೆ. ಫೈರ್‌ಫಾಕ್ಸ್‌ಗೆ ಮೊಜ್-ರಿಗ್ರೆಷನ್ ಅನ್ನೋ ಉಪಕರಣ ಇದೆ. ಸರಿ ಇದ್ದ ದಿನ, ಕೆಟ್ಟ ದಿನ ಕೊಟ್ಟರೆ ನಡುವಿನದನ್ನು ತಂದು ಕೊಡುತ್ತದೆ, ನೀವು ಸರಿ ಅಥವಾ ತಪ್ಪು ಅನ್ನುತ್ತಾ ಹೋಗಬೇಕು. ಪ್ರತಿ ಸಲ ಅರ್ಧಕ್ಕೆ ಇಳಿಯುವುದರಿಂದ ಸಾವಿರ ಬಿಲ್ಡ್ (ಬೇರೆ ಬೇರೆ ದಿನ ಸಿದ್ಧವಾದ ಪ್ರತಿಗಳು) ಇದ್ದರೂ ಹತ್ತು ಸಲದಲ್ಲಿ ಸಿಕ್ಕಿಬಿಡುತ್ತದೆ. ಲಿಬ್ರೆ ಆಫೀಸ್‌ಗೂ ಇದೇ ಬಗೆಯ ಬಿಬಿಸೆಕ್ಟ್ ಇದೆ, ಆದರೆ ಅದರ ಡೌನ್‌ಲೋಡ್ ತುಂಬಾ ದೊಡ್ಡದು, ಮೊಬೈಲ್ ಡೇಟಾದಲ್ಲಿ ಮಾಡಲು ಹೋಗಬೇಡಿ.

ಲಾಗ್ ಕಳಿಸುವ ಮುಂಚೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎನ್‌ವಿಡಿಎ ಲಾಗ್ ಮಟ್ಟವನ್ನು ‘ಇನ್‌ಪುಟ್/ಔಟ್‌ಪುಟ್’ಗೆ ಏರಿಸಿದರೆ ಒತ್ತಿದ ಪ್ರತಿ ಕೀ, ಆಡಿದ ಪ್ರತಿ ಮಾತು ದಾಖಲಾಗುತ್ತದೆ. ಪಾಸ್‌ವರ್ಡ್ ಒತ್ತಿದ್ದರೆ ಅದೂ, ಬ್ಯಾಂಕ್ ಬ್ಯಾಲೆನ್ಸ್ ಓದಿಸಿದ್ದರೆ ಅದೂ. ಬಗ್ ಪುಟಗಳು ಇಡೀ ಜಗತ್ತಿಗೆ ತೆರೆದಿರುತ್ತವೆ. ಹಾಗಾಗಿ ಎನ್‌ವಿಡಿಎ ಮತ್ತೆ ಶುರು ಮಾಡಿ, ತೊಂದರೆ ಬರುವ ನಾಲ್ಕು ಹೆಜ್ಜೆ ಮಾತ್ರ ಮಾಡಿ, ತಕ್ಷಣ ಲಾಗ್ ಕಾಪಿ ಮಾಡಿಕೊಳ್ಳಿ. ಕಳಿಸುವ ಮುಂಚೆ ಆ ವ್ಯಕ್ತಿಯ ಜೊತೆ ಕೂತು ಪೂರ್ತಿ ಓದಿಸಿ. ನಮ್ಮನ್ನು ನಂಬಿ ಅವರು ಕಂಪ್ಯೂಟರ್ ಕೊಟ್ಟಿರುತ್ತಾರೆ.

ಬರೆಯುವುದು, ಆಮೇಲೆ ಕಾಯುವುದು

ಮೊದಲು ಅದೇ ದೂರು ಆಗಲೇ ಇದೆಯಾ ಹುಡುಕಿ. ಇದ್ದರೆ ಅಲ್ಲೇ ನಿಮ್ಮ ಆವೃತ್ತಿ, ನಿಮಗೆ ಕೇಳಿಸಿದ್ದು ಸೇರಿಸಿ. ‘ನನಗೂ ಹಾಗೇ’ ಅಂತ ಮಾತ್ರ ಬರೆದರೆ ಯಾರಿಗೂ ಉಪಯೋಗ ಇಲ್ಲ. ಇಲ್ಲದಿದ್ದರೆ ಹೊಸದು ಬರೆಯಿರಿ, ಒಂದು ವರದಿಯಲ್ಲಿ ಒಂದೇ ದೋಷ. ಯಾವ ಕೀ ಒತ್ತಿದೆ, ಏನು ಕೇಳಿಸಬೇಕಿತ್ತು, ಏನು ಕೇಳಿಸಿತು, ಆಪ್, ಸ್ಕ್ರೀನ್ ರೀಡರ್, ಎಂಜಿನ್, ವಿಂಡೋಸ್ ಇವುಗಳ ಆವೃತ್ತಿ. ಕನ್ನಡ ಪದ ಇದ್ದರೆ ಪರೀಕ್ಷೆಗೆ ಎರಡು ಸಾಲಿನ ಫೈಲ್ ಜೋಡಿಸಿ, ಸ್ಕ್ರೀನ್‌ಶಾಟ್ ಒಂದರಿಂದಲೇ ಆಗುವುದಿಲ್ಲ. ಚಿತ್ರದಲ್ಲಿ ೦ ಮತ್ತು ಂ ಒಂದೇ ಅಂತ ಆಗಲೇ ನೋಡಿದೆವಲ್ಲ.

ತೀವ್ರತೆ ಗುರುತು ಹಾಕುವಾಗ ನಾನು ಕೇಳುವ ಪ್ರಶ್ನೆ ಒಂದೇ: ಕೀಬೋರ್ಡ್‌ನಿಂದ ಈ ಕೆಲಸಕ್ಕೆ ಬೇರೆ ದಾರಿ ಇದೆಯಾ? ಮೆನುವಿನಿಂದ ಉಳಿಸಲು ಆಗುತ್ತದೆ ಅಂದರೆ ಹೆಸರಿಲ್ಲದ ಉಳಿಸುವ ಬಟನ್ ಕಿರಿಕಿರಿ. ಬೇರೆ ದಾರಿಯೇ ಇಲ್ಲ ಅಂದರೆ ಆ ಆಪ್ ಅವರ ಪಾಲಿಗೆ ಮುಚ್ಚಿದ ಬಾಗಿಲು. ಅದನ್ನು ‘ಸಣ್ಣದು’, ‘ಸುಧಾರಣೆ’ ಅಂತ ಗುರುತು ಹಾಕಿದ್ದು ಕಂಡರೆ ಕಾರಣ ಬರೆದು ಬದಲಿಸಲು ಕೇಳಿ. ಎನ್‌ವಿಡಿಎಯನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್, ಜೊತೆಗೂಡಿದ ಜೇಮ್ಸ್ ಟೆ, ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಯಾವುದು ಸಣ್ಣದು, ಯಾವುದು ದೊಡ್ಡದು ಅಂತ ಬಳಸುವವರೇ ಹೇಳಬೇಕು ಅನ್ನೋದು ಈ ಕೆಲಸದ ಬುಡದಲ್ಲೇ ಇದೆ.

ನನಗೆ ಎಲ್ಲಕ್ಕಿಂತ ನೋವಾಗುವುದು ಇದರ ನಂತರದ ಹಂತದಲ್ಲಿ. ಲಿಬ್ರೆ ಆಫೀಸ್‌ನಲ್ಲಿ ಹೊಸ ದೂರು ‘ಅನ್‌ಕನ್ಫರ್ಮ್ಡ್’ ಅಂತ ಕೂತಿರುತ್ತದೆ. ಬೇರೊಬ್ಬರು ಮಾಡಿ ನೋಡಿ ಹೌದು ಅಂದ ಮೇಲೆಯೇ ‘ನ್ಯೂ’ ಆಗುತ್ತದೆ. ನಡುವೆ ಯಾರಾದರೂ ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನೆ ಕೇಳಿ ‘ನೀಡ್ಇನ್‌ಫೋ’ ಮಾಡುತ್ತಾರೆ. ಬರೆದವರಿಗೆ ಆ ಇಂಗ್ಲಿಷ್ ಮೇಲ್ ಅರ್ಥ ಆಗುವುದಿಲ್ಲ, ಅರ್ಥ ಆದರೂ ಉತ್ತರ ಬರೆಯಲು ಹಿಂಜರಿಕೆ. ಬಹಳ ದಿನ ಉತ್ತರ ಬರದಿದ್ದರೆ ದೂರು ಮುಚ್ಚಿಹೋಗುತ್ತದೆ. ದೋಷ ಅಲ್ಲೇ ಉಳಿಯುತ್ತದೆ. ಹಾಗಾಗಿ ‘ನೀಡ್ಇನ್‌ಫೋ’ ಕಂಡ ತಕ್ಷಣ ಬರೆದವರಿಗೆ ಫೋನ್ ಮಾಡಿ, ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ಉತ್ತರ ಕೇಳಿ, ನೀವೇ ಅಲ್ಲಿ ಬರೆದುಬಿಡಿ. ಕೊಪ್ಪಳದ ಒಬ್ಬ ಮಾಸ್ತರು ದಿನಾ ರಾತ್ರಿ ಊಟ ಆದ ಮೇಲೆ ಇದೊಂದೇ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಅತಿ ಹೆಚ್ಚು ದೂರುಗಳನ್ನು ಬದುಕಿಸಿಟ್ಟವರು ಅವರೇ.

ಸರಿಪಡಿಸಿದ್ದೇವೆ ಅಂತ ಉತ್ತರ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಹೊಸ ಬಿಲ್ಡ್ ಹಾಕಿ, ನೀವು ಕೇಳಿ ನೋಡಿ, ಆಮೇಲೆ ಮೊದಲು ಹೇಳಿದವರ ಕಂಪ್ಯೂಟರ್‌ನಲ್ಲೇ ಅವರಿಂದ ಓದಿಸಿ. ಅವರು ‘ಹೂಂ, ಈಗ ಬಂತು’ ಅಂದ ಮೇಲೆಯೇ ‘ವೆರಿಫೈಡ್’ ಅಂತ ಬದಲಿಸಿ.